ಬಸಪ್ಪನಿಗೆ ಬಂದ ಲಾರಿ

ನಮ್ಮೂರಲ್ಲಿ ಒಂದು ನಗೆಪಾಟಲು ಮುಗಿದು ಕಣ್ಣು ಒರೆಸಿಕೊಳ್ಳೋದರೊಳಗೆ ಇನ್ನೊಂದು ಬಂದು ನಿಂತಿರುತ್ತೆ. ಊರೇನೂ ದೊಡ್ಡದಲ್ಲ. ಎರಡು ಬೀದಿ, ಒಂದು ಅರಳಿಕಟ್ಟೆ, ಒಂದು ಬಸವೇಶ್ವರನ ಗುಡಿ. ನಾವ್ಯಾರೂ ಮೈಸೂರಿಗೆ ಹೋದವರಲ್ಲ. ಮೈಸೂರೇ ರಾಜೀವನಗರ ದಾಟಿ ನಡ್ಕೊಂಡು ಬಂದು ನಮ್ಮ ಸುತ್ತ ಕೂತ್ಬುಡ್ತು. ರಾಗಿ ಹೊಲ ಇದ್ದ ಜಾಗದಲ್ಲೆಲ್ಲ ಈಗ ಲೇಔಟು. ನನ್ನ ವಿದ್ಯೆ ಒಂಬತ್ತನೇ ಕ್ಲಾಸಲ್ಲಿ ಸುಸ್ತಾಗಿ ಕೂತ ಮೇಲೆ ನಾನೂ ಬಂದು ಕಟ್ಟೆ ಮೇಲೆ ಕೂತೆ. ಹಾಗಾಗಿ ಇವೆಲ್ಲ ನನ್ನ ಕಣ್ಣೆದುರೇ ನಡೆದದ್ದು.

ಬಸಪ್ಪ ಅಂದರೆ ಗುಡಿಗೆ ಬಿಟ್ಟ ಬಸವ. ಮೂಗುದಾರ ಇಲ್ಲ, ಕೊಟ್ಟಿಗೆ ಇಲ್ಲ. ಊರಲ್ಲಿ ಏನೇ ತಕರಾರು ಬಂದರೂ ಅವನ ಮುಂದೆ ಇಡೋದು ಹಿಂದಿನಿಂದ ಬಂದ ಪದ್ಧತಿ. ಅವನು ಯಾರ ಕಡೆ ಹೋಗಿ ನಿಲ್ತಾನೋ ಅವರದ್ದೇ ನ್ಯಾಯ. ಕೋರ್ಟಿಗಿಂತ ಬೇಗ, ಫೀಸು ಬರೀ ಬಾಳೆಹಣ್ಣು.

ಊರು ಕಟ್ಟಿದವರು

ಕಾಲೇಜಿನ ಅಕ್ಕ ಒಬ್ಬರು ನಮ್ಮೂರಿನ ಇತಿಹಾಸ ಬರ್ಕೊಳ್ಳೋಕೆ ಬಂದರು. ಕಟ್ಟೆ ಮೇಲೆ ಯಜಮಾನ ತಾತ ಕೂತಿದ್ದರು. ಬಸಪ್ಪ ಕರುವಾಗಿದ್ದಾಗ ತಾಯಿ ಸತ್ತಳು, ಬಾಟ್ಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು ಇವರೇ.

"ಈ ಊರು ಕಟ್ಟಿದ್ದು ಯಾರು ತಾತ?"

"ನಮ್ಮ ತಾತ ಕಣವ್ವ."

ಪಕ್ಕದಲ್ಲಿದ್ದ, ಕುರಿ ಮೇಯಿಸೋ ಕುರಿ ತಾತ ಬೀಡಿ ಕೆಳಗಿಟ್ಟರು. "ಸುಮ್ಕಿರಲಾ. ನಿಮ್ಮ ತಾತ ಬಂದಾಗ ನಮ್ಮ ತಾತ ಈ ಕಟ್ಟೆ ಮೇಲೆ ಕೂತು ಎಲೆಅಡಿಕೆ ಹಾಕ್ಕೊತಿದ್ರು."

ಜಗಳ ಹತ್ಕೊಂಡಿತು. ನಾನು, "ಬಸಪ್ಪನ್ನೇ ಕೇಳ್ಬುಡಿ ಅಕ್ಕ" ಅಂದೆ. ಬಸಪ್ಪ ಬಂದ. ಇಬ್ಬರು ತಾತಂದಿರನ್ನೂ ಮೂಸಲಿಲ್ಲ. ನೇರ ಅಕ್ಕನ ತೊಡೆ ಮೇಲಿದ್ದ ಹಾಳೆಗಳನ್ನು ಎಳ್ಕೊಂಡು ಅಗಿದು ನುಂಗಿದ.

ನಮ್ಮೂರಿನ ಇತಿಹಾಸ ಮಾರನೇ ದಿನ ಗುಡಿ ಮುಂದೆ ಈಚೆ ಬಂತು. ಆದರೆ ಓದೋ ಹಂಗಿರಲಿಲ್ಲ.

ದೇವರ ಮೇಲೆ ಕಂಪ್ಲೇಂಟು

ಲೇಔಟಿನ ಸಂಘಕ್ಕೆ ಒಬ್ಬ ಅಧ್ಯಕ್ಷರಿದ್ದಾರೆ, ರಿಟೈರ್ಡ್ ಆಫೀಸರು. ಬಸಪ್ಪ ಅವರ ಕಾರಿಗೆ ಕತ್ತು ಉಜ್ಜಿ ಕನ್ನಡಿ ಮುರಿದ. ಅವರು ಕೆಂಪಗಾಗಿ ಕಟ್ಟೆಗೆ ಬಂದರು.

"ಈ ಗೂಳಿ ಯಾರದ್ರೀ?"

"ದೇವರದು ಸಾರ್" ಅಂದೆ.

"ಲೇಔಟ್ ತುಂಬ ಮನೆ ಇದೆ. ದಿನಾ ಬೆಳಿಗ್ಗೆ ನಮ್ಮನೆ ಹಿಂದಿನ ಗೇಟಿಗೇ ಯಾಕೆ ಬರಬೇಕು ಇದು? ನಾನು ಕಂಪ್ಲೇಂಟ್ ಕೊಡ್ತೀನಿ!"

"ದೇವರ ಮೇಲಾ ಸಾರ್? ಗುಡೀಲಿ ಹುಂಡಿ ಐತೆ, ಬರೆದು ಹಾಕ್ಬುಡಿ."

ಅವರು ಹುಂಡಿಗೆ ಹಾಕಲಿಲ್ಲ. ಬೇರೆ ಕಡೆ ಹಾಕಿದರು.

ಬಸಪ್ಪನ ತೀರ್ಪು

ಒಂದು ಬೆಳಿಗ್ಗೆ ಲಾರಿ ಬಂತು, ಜೊತೆಗೆ ಅಧ್ಯಕ್ಷರೂ ಸಂಘದವರೂ. ಬಸಪ್ಪನ್ನ ದೂರದ ಗೋಶಾಲೆಗೆ ಸಾಗಿಸ್ತಾರಂತೆ. ಊರಿಗೆ ಊರೇ ಕಟ್ಟೆ ಹತ್ತಿರ ಸೇರಿತು. ಯಜಮಾನ ತಾತ ಟವೆಲ್ಲನ್ನು ಮುಖಕ್ಕೆ ಒತ್ಕೊಂಡು ಕೂತುಬುಟ್ಟಿದ್ರು. ಅವರು ಹಂಗೆ ಕೂತಿದ್ದು ನಾನು ನೋಡಿರಲೇ ಇಲ್ಲ.

ಕೊನೆಗೆ ತಾತ ಎದ್ದರು. "ಸ್ವಾಮಿ, ನಮ್ಮ ಪದ್ಧತಿ ಒಂದೈತೆ. ಅವನ್ನೇ ಕೇಳಣ. ಲಾರಿ ಹತ್ತಿದ್ರೆ ಕರ್ಕೊಂಡೋಗಿ. ಹತ್ತಲಿಲ್ಲ ಅಂದ್ರೆ ಬುಟ್ಬುಡಿ."

ಅಧ್ಯಕ್ಷರು ನಕ್ಕರು. ಲಾರಿ ತುಂಬ ಹಸಿ ಜೋಳದ ಕಡ್ಡಿ ಇತ್ತು. "ಆಗಲಿ ಯಜಮಾನ್ರೇ, ಕೇಳಿ."

ನಾನು ಎರಡೂ ಜೇಬಿಗೆ ಬೆಲ್ಲ ತುಂಬ್ಕೊಂಡು ಹೋಗಿ ಗುಡಿ ಬಾಗಿಲಲ್ಲಿ ದೇವರಂಗೆ ನಿಂತೆ.

ಗಂಟೆ ಬಾರಿಸಿದರು. ಬಸಪ್ಪ ಲಾರಿ ಹತ್ತಿರ ಹೋದ, ಮೂಸಿದ, ಹಲಗೆ ಮೇಲೆ ಮುಂಗಾಲು ಇಟ್ಟ. ತಾತ ಕಣ್ಣು ಮುಚ್ಚಿದರು. ಅಷ್ಟರಲ್ಲಿ ಏನೋ ನೆನಪಾದವನಂಗೆ ಕಾಲು ಇಳಿಸಿ ಈ ಕಡೆ ತಿರುಗಿದ. ನನ್ನ ಹತ್ತಿರ ಬಂದ. ಜೇಬು ಮೂಸಿದ. ಮುಂದಕ್ಕೆ ಹೊರಟೇ ಹೋದ! ಬೆಲ್ಲ ಕರಗಿ ತೊಡೆಗೆ ಅಂಟ್ಕೊಂಡಿದ್ದೊಂದೇ ನನಗೆ ಬಂದ ಲಾಭ.

ಅವನು ನೇರ ಲೇಔಟಿನ ರೋಡು ಹಿಡಿದ. ಹಿಂದೆ ನಾವು, ನಮ್ಮ ಹಿಂದೆ ಸಂಘದವರು, ಅವರ ಹಿಂದೆ ಲಾರಿ. ಮೆರವಣಿಗೆ ಹೋಗಿ ನಿಂತಿದ್ದು ಅಧ್ಯಕ್ಷರ ಮನೆ ಹಿಂದಿನ ಗೇಟಿಗೆ. ಬಸಪ್ಪ ಕೊಂಬಿನಿಂದ ಮೆಲ್ಲಗೆ ಗೇಟು ತಟ್ಟಿದ, ಹಳೇ ನೆಂಟ ಬಾಗಿಲು ತಟ್ಟೋ ಹಂಗೆ.

ಒಳಗಿನಿಂದ ಅಧ್ಯಕ್ಷರ ಹೆಂಡತಿ ತಲೆ ಬಗ್ಗಿಸ್ಕೊಂಡೇ ಓಡಿ ಬಂದರು. ಕೈಯಲ್ಲಿ ಬೇಸಿನ್ನು, ಬೇಸಿನ್ನಲ್ಲಿ ನೆನೆಸಿದ ಅಕ್ಕಿ, ಬೆಲ್ಲ, ಬಾಳೆಹಣ್ಣು.

"ಬಂದ್ಯೇನೋ ನಮ್ಮಪ್ಪ? ಇವತ್ತು ಯಾಕಿಷ್ಟು ತಡ? ಬೇಗ ತಿನ್ನು. ಅವರು ನಿನ್ನನ್ನ ಲಾರಿ ಹತ್ತಿಸೋಕೆ ಹೋಗಿದ್ದಾರೆ ಕಣೋ. ತಿಂದು ಹಂಗೇ ಸಂದೀಲಿ ಓಡಿಹೋಗ್ಬಿಡು!"

ಆಮೇಲೆ ತಲೆ ಎತ್ತಿದರು. ಎದುರಿಗೆ ಊರು. ಊರಿನ ನಡುವೆ ಗಂಡ.

ಬಸಪ್ಪ ಬೇಸಿನ್ನಿಗೆ ಬಾಯಿ ಹಾಕಿ ಅಗಿಯೋಕೆ ಶುರು ಮಾಡಿದ. ಯಜಮಾನ ತಾತ ಟವೆಲ್ಲು ಹೆಗಲಿಗೆ ಹಾಕ್ಕೊಂಡು, "ಸ್ವಾಮಿ, ದಿನಾ ಇಲ್ಲಿಗೇ ಯಾಕೆ ಬತ್ತಾನೆ ಅಂತ ಕೇಳಿದ್ರಲ್ಲ" ಅಂದರು.

ನಗು ಒಡೀತು. ಅಮ್ಮಾವ್ರೂ ಸೆರಗು ಬಾಯಿಗೆ ಹಿಡ್ಕೊಂಡರು. ಅಧ್ಯಕ್ಷರು ಹೆಂಡತೀನ ನೋಡಿದರು, ಬಸಪ್ಪನ್ನ ನೋಡಿದರು, ಆಮೇಲೆ ಲಾರಿಯವನ ಕಡೆ ತಿರುಗಿ, "ನೀನು ಹೊರಡಪ್ಪ" ಅಂದರು.

ಡ್ರೈವರ್ ತಲೆ ಕೆರೆದ. "ಸಾರ್, ಈ ಜೋಳದ ಕಡ್ಡಿ ಏನ್ಮಾಡ್ಲಿ?"

ಅಧ್ಯಕ್ಷರು ಯಾರ ಮುಖಾನೂ ನೋಡದೆ ಗೇಟು ಪೂರ್ತಿ ತೆಗೆದರು.

"ಇಲ್ಲೇ ಇಳಿಸು. ನೆರಳಲ್ಲಿ ಹಾಕು, ಬಾಡುತ್ತೆ."