ಎಡಗೈ ನ್ಯಾಯಾಧೀಶರ ಕೋಟು

ಮೂವತ್ತು ವರ್ಷ ಊರಿನ ಕರೆಂಟ್ ಮೀಟರುಗಳನ್ನು ಓದಿ ನಿವೃತ್ತನಾದ ಮನುಷ್ಯನಿಗೆ, ಪ್ರಪಂಚದಲ್ಲಿ ತಾನು ಓದಲಾರದ ವಸ್ತುವೇ ಇಲ್ಲ ಎಂಬ ಭ್ರಮೆ ಹುಟ್ಟಿಬಿಟ್ಟರೆ ಅದಕ್ಕೆ ಮದ್ದಿಲ್ಲ. ನಮ್ಮ ಮೀಟರಪ್ಪನವರಿಗೆ ಆಗಿದ್ದು ಅದೇ. (ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಈಗ ಅದು ಪಿಂಚಣಿ ಕಚೇರಿಗೆ ಮಾತ್ರ ನೆನಪಿದೆ.) ಹಳೇ ಸಾಮಾನಿನ ಅಂಗಡಿಯಿಂದ ಹೊತ್ತು ತಂದ ‘ಪ್ರಾಚೀನ ವಸ್ತು’ಗಳಿಂದ ಅವರು ಮನೆಯ ಮುಂದಿನ ಕೋಣೆಯನ್ನು ಸೂರಿನವರೆಗೆ ತುಂಬಿಸಿದ್ದರು. ಮುಳ್ಳಿಲ್ಲದ ಗಡಿಯಾರ, ಮೂತಿಯಿಲ್ಲದ ಹೂಜಿ, ಸೇನಾಪತಿಯೊಬ್ಬನ ಕತ್ತಿಯೆಂದು ಅವರೊಬ್ಬರೇ ಹೇಳುವ, ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಅಲಗೆಂದು ಉಳಿದ ಭೂಮಂಡಲವೆಲ್ಲ ಹೇಳುವ ಒಂದು ಕಬ್ಬಿಣದ ಪಟ್ಟಿ. ಆ ಕೋಣೆಯಲ್ಲಿರಬೇಕಾಗಿದ್ದ ಹೆಂಡತಿಯ ಹೊಲಿಗೆ ಯಂತ್ರ ಅಡುಗೆಮನೆಯ ಬಾಗಿಲ ಹಿಂದೆ ಸೆರೆವಾಸದಲ್ಲಿತ್ತು. ಆಕೆ ಹೊಲಿದ ಬಟ್ಟೆ ತೊಟ್ಟವರು ಬೀದಿಗಿಳಿದರೆ, ಕರಿದೆಣ್ಣೆಯ ವಾಸನೆಗೆ ಬೆಕ್ಕುಗಳು ಮೆರವಣಿಗೆ ಹೊರಡುತ್ತಿದ್ದವಂತೆ.

ಒಂದು ಸಂಜೆ ಮೀಟರಪ್ಪನವರು ಕಂಬಳಿಯಷ್ಟು ದಪ್ಪದ ಕಪ್ಪು ಕೋಟೊಂದನ್ನು ಹೆಗಲಿಗೇರಿಸಿಕೊಂಡು ಬಂದರು.

“ಇದೇನ್ರೀ, ದಾರೀಲಿ ಕರಡಿ ಸಿಕ್ತಾ?” ಅಂದಳು ಹೆಂಡತಿ.

“ಕೋಟು. ಲೇಬಲ್ಲೇ ಇಲ್ಲ. ಹಾಗಾಗಿ ಇದರ ಬೆಲೆ ಅಂಗಡಿಯವನಿಗೂ ಗೊತ್ತಿಲ್ಲ.”

“ಕೋಟಿನ ಬೆಲೆ ಗೊತ್ತಿಲ್ದೆ ಇರಬಹುದು. ನಿಮ್ಮ ಬೆಲೆ ಅವನಿಗೆ ಚೆನ್ನಾಗಿ ಗೊತ್ತು.”

ಜ್ಞಾನಿಗಳು ಇಂಥ ಮಾತಿಗೆ ಕಿವಿಗೊಡುವುದಿಲ್ಲ. ಊಟದ ಮೇಜಿನ ಮೇಲೆ ಕೋಟನ್ನು ಶವಪರೀಕ್ಷೆಗೆ ಮಲಗಿಸಿದಂತೆ ಮಲಗಿಸಿ, ಮೀಟರ್ ಓದುತ್ತಿದ್ದ ಕಾಲದ ಟಾರ್ಚು ಹಿಡಿದು ಅವರು ಇಂಚಿಂಚು ಓದತೊಡಗಿದರು. ಆ ರಾತ್ರಿ ಮನೆಮಂದಿ ನೆಲದ ಮೇಲೆ ಊಟಕ್ಕೆ ಕೂತರು. (ಮನೆಮಂದಿ ಎಂದರೆ ಹೆಂಡತಿ. ಮೀಟರಪ್ಪನವರಿಗೆ ಹಸಿವೇ ಇರಲಿಲ್ಲ.) ಕೊನೆಗೆ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು.

“ಎಂಬತ್ತು ವರ್ಷ ಹಳೇದು. ಒಬ್ಬ ನ್ಯಾಯಾಧೀಶರದ್ದು.”

“ಬಂದು ನಿಮ್ಮ ಕಿವೀಲಿ ಹೇಳಿದ್ರಾ?”

“ತೋಳಿನ ಮೇಲೆ ಕೆಂಪು ಕಲೆ ನೋಡು. ಅರಗು. ವಾರಂಟಿಗೆ ಮೊಹರು ಹಾಕುವಾಗ ಬಿದ್ದದ್ದು. ಮೂಸಿ ನೋಡು, ಆ ಕಾಲದ ಅತ್ತರು. ಒಳಜೇಬಿಲ್ಲ, ಅಂದ್ರೆ ಲಂಚ ಮುಟ್ಟದ ಪುಣ್ಯಾತ್ಮ. ಸೊಂಟ ಸಣ್ಣ, ಅಲ್ಪಾಹಾರಿ. ಎದೆಯ ಹತ್ರ ಉಬ್ಬಿಸಿ ಹೊಲಿದಿದ್ದಾರೆ, ಎದೆಗಾರಿಕೆಯ ಮನುಷ್ಯ. ಎಲ್ಲಕ್ಕಿಂತ ಮುಖ್ಯ, ಗುಂಡಿಗಳು ಎಡಗಡೆ ಇವೆ.”

ಹೆಂಡತಿಯ ಕೈಯಲ್ಲಿದ್ದ ತುತ್ತು ಅರ್ಧದಲ್ಲೇ ನಿಂತಿತು. “ಎಡಗಡೆ ಇದ್ರೆ?”

“ಎಡಚರು,” ಎಂದರು ಮೀಟರಪ್ಪನವರು, ಗುಟ್ಟು ಬಿಟ್ಟುಕೊಡುವವರ ದನಿಯಲ್ಲಿ. “ಎಡಗೈಯಲ್ಲೇ ತೀರ್ಪು ಬರೀತಿದ್ದರು.”

ಆಕೆ ಅವರನ್ನೇ ಸ್ವಲ್ಪ ಹೊತ್ತು ನೋಡಿದಳು. ಮದುವೆಯಾದ ಹೊಸತರಲ್ಲೂ ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ. “ಒಂದು ಪಂದ್ಯ ಕಟ್ಟೋಣ. ಭಾನುವಾರ ಅಕ್ಕ, ಭಾವ ಊಟಕ್ಕೆ ಬರ್ತಾರೆ. ನೀವು ಹೇಳಿದ್ದನ್ನ ಭಾವ ಒಪ್ಪಿದ್ರೆ ಕೋಣೆ ನಿಮ್ಮದೇ, ಇನ್ನು ನಾನು ಸೊಲ್ಲೆತ್ತಲ್ಲ. ಒಪ್ಪದಿದ್ರೆ ಗಡಿಯಾರ, ಹೂಜಿ, ಸೇನಾಪತಿ ಎಲ್ಲರೂ ಬಂದ ದಾರಿ ಹಿಡೀಬೇಕು. ನನ್ನ ಮೆಷಿನ್ನು ಮುಂದಕ್ಕೆ ಬರುತ್ತೆ.”

“ಆಗಲಿ,” ಅಂದರು ಮೀಟರಪ್ಪನವರು. ಹೆಂಡತಿಯ ತುಟಿಯಂಚಿನ ನಗುವನ್ನು ಓದುವ ಮೀಟರು ಮಾತ್ರ ಅವರಲ್ಲಿರಲಿಲ್ಲ.

ಭಾವ ಎಂದರೆ ಮೀಟರಪ್ಪನವರ ಷಡ್ಡಕರು. ವಿಮಾ ಕಂಪನಿಯಲ್ಲಿ ಜಜ್ಜಿಹೋದ ವಾಹನಗಳನ್ನು ಪರೀಕ್ಷಿಸಿ, ಜಜ್ಜಿಹೋಗಿಯೇ ಇಲ್ಲ ಎಂದು ಬರೆಯುವ ಕೆಲಸ. ರಜೆಯ ದಿನವೂ ಜೇಬಿನಲ್ಲಿ ಭೂತಗನ್ನಡಿ. ಮೀಟರಪ್ಪನವರು ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂದರೆ, ಈತ ಎದ್ದು ಹೋಗಿ ಕಿಟಕಿಯಿಂದ ನೋಡಿ ಬರುವ ಆಸಾಮಿ. ಹೆಂಡತಿಯ ಧೈರ್ಯವೆಲ್ಲ ಅದರ ಮೇಲೇ ನಿಂತಿತ್ತು.

ಭಾನುವಾರ ಅಕ್ಕ ಬಂದವಳೇ ತಂಗಿಯ ಒಲೆಯ ಮುಂದೆ ನಿಂತಳು. ಇತ್ತ ಮುಂದಿನ ಕೋಣೆಯಲ್ಲಿ ಅರಗಿನಿಂದ ಎಡಗೈವರೆಗೆ ವ್ಯಾಖ್ಯಾನ ಮುಗಿಯಿತು. ಷಡ್ಡಕರು ಭೂತಗನ್ನಡಿ ತೆಗೆದು ಕೋಟಿನ ಮೇಲೆ ಬಗ್ಗಿದರು. ಬಾಗಿಲಲ್ಲಿ ಹೆಂಡತಿ ಸೌಟು ಹಿಡಿದು ನಿಂತಿದ್ದಳು.

“ಎಂಬತ್ತು ಅಂದ್ರಾ?”

“ಎಂಬತ್ತು,” ಅಂದರು ಮೀಟರಪ್ಪನವರು.

“ನೀವು ಯಾವತ್ತೂ ಇಷ್ಟೇ ಕಣ್ರೀ, ಅರ್ಧ ದಾರೀಲೇ ಇಳಿದುಬಿಡ್ತೀರಿ. ನೂರಿಪ್ಪತ್ತಕ್ಕೆ ಒಂದು ದಿನ ಕಡಿಮೆ ಇಲ್ಲ. ಬರೀ ನ್ಯಾಯಾಧೀಶರಲ್ಲ, ನ್ಯಾಯಾಧೀಶರನ್ನ ನೇಮಿಸೋ ದೊಡ್ಡ ಮನುಷ್ಯ. ಬೆನ್ನ ಮೇಲೆ ಈ ಸುಟ್ಟ ಗುರುತು ನಿಮ್ಮ ಕಣ್ಣಿಗೆ ಬೀಳಲೇ ಇಲ್ವಲ್ಲ. ಗುಂಡೇಟು. ಹಿಂದಿನಿಂದ ಹೊಡೆದಿದ್ದಾರೆ, ಪಾಪ.”

ಹೆಂಡತಿಯ ಸೌಟು ಇಳಿಯಿತು. ಮೀಟರಪ್ಪನವರು ಮನಸ್ಸಿನಲ್ಲೇ ಗೋಡೆಗೆ ಇನ್ನೊಂದು ಕಪಾಟು ಹೊಡೆಸಿ, ಅದಕ್ಕೆ ಬಣ್ಣವನ್ನೂ ಬಳಿಸಿಬಿಟ್ಟರು.

ಅಷ್ಟರಲ್ಲಿ ಕೈ ಒರೆಸಿಕೊಳ್ಳುತ್ತ ಅಕ್ಕ ಬಂದಳು. “ಅರೆ, ಇದು ಇಲ್ಲಿಗೆ ಹೇಗೆ ಬಂತು?” ಎಂದು ಕೋಟನ್ನೆತ್ತಿ ತೊಟ್ಟುಕೊಂಡು, ಗುಂಡಿಗಳನ್ನು ನೋಡದೆಯೇ ಟಪಟಪನೆ ಹಾಕಿಕೊಂಡಳು. ಅಚ್ಚು ಹೊಯ್ದ ಹಾಗೆ ಕೂತಿತು. “ಐಸ್‌ಕ್ರೀಂ ಗೋದಾಮಿಗೆ ಹಾಕ್ಕೊಂಡು ಹೋಗ್ತಿದ್ದ ಕೋಟು. ಕೆಲಸ ಬಿಟ್ಟ ಮೇಲೆ ಹಳೇ ಬಟ್ಟೆಯವನಿಗೆ ಕೊಟ್ಟಿದ್ದೆ.”

ಮೀಟರಪ್ಪನವರು ಕೊರಳಪಟ್ಟಿಯತ್ತ ಬೆರಳು ತೋರಿಸಿದರು.

“ಅತ್ತಿಗೆ, ಲೇಬಲ್ಲು…”

“ಕುತ್ತಿಗೆ ಕೆರೀತಿತ್ತು, ಕಿತ್ತು ಬಿಸಾಕಿದೆ.”

“ಈ ಅರಗು?”

“ಸ್ಟ್ರಾಬೆರಿ.”

“ಅತ್ತರು?”

“ವೆನಿಲಾ. ಎಷ್ಟು ಒಗೆದ್ರೂ ಹೋಗಲ್ಲ.”

“ಆದ್ರೆ ಗುಂಡಿ ಎಡಗಡೆ…”

“ಹೆಂಗಸರ ಕೋಟಿಗೆ ಇನ್ನೆಲ್ಲಿರುತ್ತೆ?” ಅಂದಳು ಅಕ್ಕ. “ಬೆನ್ನಿನ ಗುಂಡೇಟು ಅಡುಗೆಮನೆಗೂ ಕೇಳಿಸಿತು. ಅದರ ಕಥೆ ನಿಮ್ಮ ಷಡ್ಡಕರನ್ನೇ ಕೇಳಿ. ಮದುವೆಯಾದ ಮೇಲೆ ಇಸ್ತ್ರಿಪೆಟ್ಟಿಗೆ ಮುಟ್ಟಿದ್ದು ಒಂದೇ ಸಲ. ಆವತ್ತು ಹೊಡೆದದ್ದು.”

ಷಡ್ಡಕರು ಭೂತಗನ್ನಡಿಯನ್ನು ಕಳ್ಳಮಾಲಿನಂತೆ ಜೇಬಿಗಿಳಿಸಿದರು.

ಮುಳುಗುವವನಂತೆ ಮೀಟರಪ್ಪನವರು ಹುಲ್ಲುಕಡ್ಡಿಗೆ ಕೈಚಾಚಿದರು. “ಏನೇ ಆಗಲಿ, ಪಂದ್ಯ ಅಂದ್ರೆ ಪಂದ್ಯ. ಭಾವ ಒಪ್ಪಿದ್ರೆ ಕೋಣೆ ನಂದು ಅಂತ ಮಾತಾಗಿತ್ತು. ಇವರು ಒಪ್ಪಿದ್ದಾರೆ.”

“ನಾನೆಲ್ಲಿ ಒಪ್ಪಿದೆ?” ಅಂದರು ಷಡ್ಡಕರು. “ನೀವು ಎಂಬತ್ತು ಅಂದ್ರಿ. ನಾನು ಅಲ್ಲ ಅಂದೆ. ನಿಮ್ಮ ಯಾವ ಮಾತನ್ನ ನಾನು ಯಾವತ್ತು ಒಪ್ಪಿದ್ದೀನಿ ಹೇಳಿ.”

ಅದು ಮಾತ್ರ ಸತ್ಯವಾದ ಮಾತು.

ಮರುದಿನ ಬೆಳಿಗ್ಗೆ ಹಾಳು ಚಳಿ. ಮೀಟರಪ್ಪನವರು ಬರೀ ಅಂಗಿಯಲ್ಲಿ ನಡುಗುತ್ತ, ಬೆನ್ನಿಗೆ ಗಡಿಯಾರ, ಕಂಕುಳಲ್ಲಿ ಹೂಜಿ, ಕೈಯಲ್ಲಿ ಸೇನಾಪತಿಯನ್ನು ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಹಿಂದೆ ಹೆಂಡತಿ, ಮೈಮೇಲೆ ಅದೇ ಕೋಟು. (ಏಳು ಜನ್ಮಕ್ಕಾಗುವಷ್ಟು ಚಳಿ ಕಂಡಾಗಿದೆ, ನೀನೇ ಇಟ್ಟುಕೋ ಎಂದಿದ್ದಳು ಅಕ್ಕ.) ಕೆಳಮನೆಯಾಕೆ ಬಾಗಿಲು ತೆರೆದವಳು ಅಲ್ಲೇ ನಿಂತಳು.

“ಎಂಥ ಕೋಟ್ರೀ ಇದು. ಎಲ್ಲಿ ಸಿಕ್ತು?”

“ಇದಾ?” ಹೆಂಡತಿ ಕೊರಳಪಟ್ಟಿಯನ್ನು ಸಾವಕಾಶವಾಗಿ ಸರಿಪಡಿಸಿಕೊಂಡಳು. “ಎಂಬತ್ತು ವರ್ಷ ಹಳೇದು. ನ್ಯಾಯಾಧೀಶರೊಬ್ಬರದ್ದು. ಎಡಚರಂತೆ, ಒಂದು ಕಾಸು ಲಂಚ ಮುಟ್ಟಿದವರಲ್ಲ. ಈ ಕೆಂಪು ಕಲೆ ನೋಡಿ, ಮೊಹರಿನ ಅರಗು.”

ಕೆಳಮನೆಯಾಕೆ ಬೆರಗಾಗಿ ಮೀಟರಪ್ಪನವರ ಕಡೆ ತಿರುಗಿದಳು. “ಹೌದಾ ಸಾರ್?”

ಮೀಟರಪ್ಪನವರು ಬಾಯಿ ತೆರೆದರು. ಹೂಜಿ ಜಾರಿತು. ಅದನ್ನು ಮೊಣಕಾಲಿನಲ್ಲಿ ತಡೆಯುವಷ್ಟರಲ್ಲಿ ಹಿಂದಿನಿಂದ ಉತ್ತರ ಹೋಗಿಯಾಗಿತ್ತು.

“ಅವರನ್ನೇನು ಕೇಳ್ತೀರಿ. ಹಳೇ ವಸ್ತು ಅಂದ್ರೆ ಅವರಿಗೆ ಒಂದಿಷ್ಟೂ ತಿಳಿಯಲ್ಲ. ನಡೀರಿ, ಅಂಗಡಿ ತೆಗೆಯೋ ಹೊತ್ತಾಯ್ತು.”