ಮನ್ಮಥಪ್ಪನವರ ವಿಲಾಯತಿ ಕಷಾಯ

ತಾಂಡೂರಿನ ತೊಗರಿ ವ್ಯಾಪಾರಿ ಮನ್ಮಥಪ್ಪನವರ ಬಾಳಿನಲ್ಲಿ ಎಲ್ಲವೂ ಇತ್ತು. ತಾವೊಬ್ಬರೇ ಕೂತು ಸುಖಪಡುವಂಥದ್ದು ಮಾತ್ರ ಒಂದೂ ಇರಲಿಲ್ಲ. ಸಾಲದ್ದಕ್ಕೆ ನಾರಾಯಣಖೇಡದಿಂದ ಬಂದ ಅತ್ತೆ ಸುಗಲಾಬಾಯಿ, ನೆಗಡಿಯ ನೆಪದಲ್ಲಿ ಮೂರು ವಾರದಿಂದ ಬೀಡುಬಿಟ್ಟು, ಕಟ್ಟಿದ ಮೂಗಿನಲ್ಲೇ ಅಳಿಯನ ಕುಂದುಗಳ ಪಾರಾಯಣ ನಡೆಸಿದ್ದರು. ನಾಳೆ ಬೆಳಗ್ಗೆ ಬಂಡೆಪ್ಪನ ಚಕ್ಕಡಿಯಲ್ಲಿ ಅವರ ಪ್ರಯಾಣ ನಿಶ್ಚಯವಾಗಿತ್ತು.

ಅಂಥ ಶುಭ ಗಳಿಗೆಯಲ್ಲೇ ನಿಜಾಮರ ರೈಲ್ವೆಯ ಬಿಳಿ ಇಂಜಿನಿಯರ್ ಕೆಲಸ ಬಿಟ್ಟು ಬೊಂಬಾಯಿ ಗಾಡಿ ಹತ್ತುವಾಗ, ತಿಂದ ತೊಗರಿಬೇಳೆಯ ನೆನಪಿಗೆಂದು ಒಂದು ಬಾಟಲಿ ಕೊಟ್ಟ. ಲಂಡನ್ನಿನ ಉಂಚಾ ಮದ್ಯ, ಜಿನ್ನು! ಮನ್ಮಥಪ್ಪನವರು ಅಂಗಡಿಯಲ್ಲಿ ಬಿರಡೆ ತೆಗೆದು ಮೂಸಿದರು. ಶಿಂದಿಯ ಹುಳಿನಾತವಿಲ್ಲ, ಸಾರಾಯಿಯ ಗಬ್ಬಿಲ್ಲ. ಮೊದಲು ಯಾವುದೋ ತಂಪು ಬೆಟ್ಟದ ಕಾಯಿಯ ಪರಿಮಳ (ಜುನಿಪರ್ ಅಂತೆ), ಹಿಂದೆಯೇ ಕೊತ್ತಂಬರಿ ಬೀಜ, ನಿಂಬೆ ಸಿಪ್ಪೆ, ಕೊನೆಗೆ ಜ್ಯೇಷ್ಠಮಧು. ನೋಡಲು ಬಾವಿಯ ತಿಳಿನೀರು. ಸಾಹೇಬ ಅದನ್ನು ‘ಒಣ’ ಜಿನ್ನು ಎಂದಿದ್ದ (ನೀರಿನಂಥದ್ದನ್ನು ಒಣ ಎನ್ನುವವರು ದೇಶ ಆಳುತ್ತಾರೆ!), ಸಿಹಿಯ ಸೋಂಕಿಲ್ಲ ಎಂದರ್ಥವಂತೆ. ನಾಳೆ ಅತ್ತೆ ಹೋದಮೇಲೆ, ಬೇವಿನ ನೆರಳಲ್ಲಿ, ಒಂದೇ ಒಂದು ಲೋಟ! ಮನ್ಮಥಪ್ಪನವರಿಗೆ ಮದುವೆಯ ದಿನವೂ ಇಷ್ಟು ಸಂತೋಷವಾಗಿರಲಿಲ್ಲ.

ಆದರೆ ಲಿಂಗ ಕಟ್ಟಿದ ಮನೆತನ. ಹೆಂಡತಿ ಸುಂದರಬಾಯಿ ಮನೆಯ ಹೊಸ್ತಿಲಲ್ಲೇ ಬಾಟಲಿಯ ಚೀಲ ಹಿಡಿದರು.

“ಏನ್ರಿ ಇದು?”

“ಔಷಧ. ವಿಲಾಯತಿದು. ನನ್ನ ಹೊಟ್ಟಿ ಉಬ್ಬರಕ್ಕ. ಮೂಸಿ ನೋಡು, ಬರೇ ಕೊತ್ತಂಬರಿ, ನಿಂಬಿ ಸಿಪ್ಪಿ, ಜೇಷ್ಠಮಧು.”

ಮೂಸಿದ ಸುಂದರಬಾಯಿಯ ಮುಖ ಅರಳಿತು. “ಖರೆ ಅದರಿ! ನಮ್ಮವ್ವನ ಕಷಾಯದ್ದೇ ವಾಸನಿ!”

ಗೆದ್ದೆನೆಂದು ಮನ್ಮಥಪ್ಪನವರು ಹಾಡಿಕೊಳ್ಳುತ್ತ ಸ್ನಾನಕ್ಕೆ ಹೋದರು. ಮೈ ಒರೆಸಿಕೊಂಡು ಬರುವಷ್ಟರಲ್ಲಿ ಮನೆಯೆಲ್ಲ ಲಂಡನ್ನಿನ ಪರಿಮಳ! ಅಡುಗೆಮನೆಯಲ್ಲಿ ಬಾಟಲಿ ಖಾಲಿ. ಒಲೆಯಿಂದ ಇಳಿಸಿದ ತಪ್ಪೇಲಿಯ ಮೇಲೆ ಅತ್ತೆ ಕಂಬಳಿ ಹೊದ್ದು ಬಗ್ಗಿದ್ದರು.

“ಏನ್ ಮಾಡಿದ್ಯೇ?”

“ಹಸೀ ಕಷಾಯ ಯಾರರೆ ಕುಡೀತಾರೇನ್ರಿ? ಬಿಳಿ ಮಂದಿಗಿ ಕುದಸೋ ತಾಳ್ಮಿ ಇಲ್ಲ. ಕಾಲು ಭಾಗಕ್ಕ ಇಳಿಸೀನಿ, ಬೆಲ್ಲ, ಮೆಣಸು ಹಾಕೀನಿ. ಉಗಿ ಯಾಕ ಹಾಳಾಗಬೇಕಂತ ಅವ್ವಗ ಹಿಡಿಯಾಕ ಹಚ್ಚೀನಿ.”

ಉಗಿಯಾಗಿ ಹಾರಿಹೋಗುತ್ತಿರುವುದು ಏನೆಂದು ಹೇಳಿದರೆ ಮಠದ ಅಯ್ಯನವರವರೆಗೆ ಸುದ್ದಿ. ಹೇಳದಿದ್ದರೆ ನಾಳೆಯ ಲೋಟ ಹೋಯಿತು. ಮನ್ಮಥಪ್ಪನವರಿಗೆ ಗುಟ್ಟು ಬಾಯಲ್ಲಿನ ಬಿಸಿತುಪ್ಪವಾಯಿತು.

ಕಂಬಳಿಯೊಳಗಿಂದ ನಗು ಕೇಳಿಸಿತು. ಹದಿನಾಲ್ಕು ವರ್ಷದಲ್ಲಿ ಅತ್ತೆ ನಕ್ಕದ್ದು ಇದೇ ಮೊದಲು. “ಅಳಿಯಾರೇ, ಎಷ್ಟ್ ಛಂದ ಅದರಿ ಈ ಉಗಿ! ಮೂಗಷ್ಟೇ ಅಲ್ಲ, ಎದಿನೂ ಬಿಚ್ಚಿತು. ಇಂಥಾ ಬಂಗಾರದಂಥ ಮನಷ್ಯಾಗ ಇಷ್ಟ ದಿನ ಸುಮ್ನೆ ಬೈದೆ!” ಎಂದವರೇ ಮುಚ್ಚಳ ಬಡಿಯುತ್ತ ಬೀಸುವ ಪದ ಶುರುಮಾಡಿದರು. ಸುಂದರಬಾಯಿಯೂ ದನಿಗೂಡಿಸಿದರು. ನಿಜ ಹೇಳಬೇಕೆಂದರೆ, ಮನ್ಮಥಪ್ಪನವರಿಗೂ ಖುಷಿಯಾಯಿತು.

ಆಮೇಲೆ ಉಳಿದ ಕಷಾಯ ಲೋಟದಲ್ಲಿ ಬಂತು. ಒಣ ಜಿನ್ನು ಈಗ ಬೆಲ್ಲದ ಪಾಕ. ಹೆಂಡತಿಯ ಕಾವಲಿನಲ್ಲಿ ಕೊನೆಯ ಹನಿಯವರೆಗೆ ಕುಡಿದರು. ಹೋಗಲಿ, ನಾಳೆ ಚಕ್ಕಡಿಯಾದರೂ ಬರುತ್ತದಲ್ಲ!

ಅತ್ತೆ ಕಂಬಳಿ ಸರಿಸಿ, ಕೆಂಪಗಾದ ಮುಖ ಹೊರಹಾಕಿದರು. “ಚಕ್ಕಡಿ ಬ್ಯಾಡಂತ ಬಂಡೆಪ್ಪಗ ಹೇಳಿ ಕಳಸ್ರಿ ಅಳಿಯಾರೇ. ಇನ್ನೊಂದು ಬಾಟ್ಲಿ ನೀವು ತರೋತನ ನಾ ಇಲ್ಲೇ ಇರ್ತೀನಿ.”

ಬಾಟಲಿ ಕೊಟ್ಟ ಸಾಹೇಬನ ರೈಲು ಆಗಲೇ ಬೊಂಬಾಯಿ ದಾರಿಯಲ್ಲಿ ವಾಡಿ ಜಂಕ್ಷನ್ ದಾಟಿತ್ತು.