ಎಷ್ಟು ಎಂಜಿನ್ ಎಂದು ಕೇಳುತ್ತಿದ್ದ ಮಾವ

ನಮ್ಮ ಸೋದರಮಾವ ಜೀವನದಲ್ಲಿ ಒಂದು ಸಲವೂ ವಿಮಾನ ಹತ್ತಿದವರಲ್ಲ. ಆದರೆ ಅರಸೀಕೆರೆಯ ಮೇಲೆ ಹಾರುವ ಪ್ರತಿಯೊಂದು ವಿಮಾನವೂ ಅವರ ಅಪ್ಪಣೆ ಪಡೆದೇ ಮುಂದೆ ಹೋಗುತ್ತಿತ್ತು! ನಂಬುವುದಿಲ್ಲವೇ? ಮೊದಮೊದಲು ನಾನೂ ನಂಬಿರಲಿಲ್ಲ. ಡಿಗ್ರಿ ಓದಲೆಂದು ಅವರ ರೈಲ್ವೆ ಕ್ವಾರ್ಟರ್ಸಿನಲ್ಲಿ ಮೂರು ವರ್ಷ ಇದ್ದೆನಲ್ಲ, ಕಣ್ಣಾರೆ ಕಂಡೆ.

ಮಾವ ಜಂಕ್ಷನ್ನಿನಲ್ಲಿ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರು. ನಿಲ್ಲದೆ ಓಡುವ ಗೂಡ್ಸ್ ಗಾಡಿ ಸ್ಟೇಷನ್ ದಾಟುವಾಗ ಪ್ಲಾಟ್‌ಫಾರಂ ಮೇಲೆ ನಿಂತು, ಯಾವುದಾದರೂ ಚಕ್ರ ಕಾದು ಹೊಗೆಯಾಡುತ್ತಿದೆಯೇ, ಏನಾದರೂ ಜೋತಾಡುತ್ತಿದೆಯೇ ಎಂದು ನೋಡುತ್ತಾ, ಎಲ್ಲ ಸರಿಯಿದ್ದರೆ ಹಸಿರು ಬಾವುಟ ಹಿಡಿಯುವುದು ಅವರ ಕೆಲಸ. ಇದು ರೈಲಿನ ಮಾತಾಯಿತು. ಡ್ಯೂಟಿ ಇಲ್ಲದ ದಿನವೂ, ಬೆಂಗಳೂರಿನಿಂದ ಮುಂಬಯಿ ಕಡೆಗೆ ಹೋಗುವ ವಿಮಾನದ ಸದ್ದು ಕೇಳಿದರೆ ಸಾಕು, ಎಂಜಲು ಕೈಯಲ್ಲೇ ಹಿತ್ತಿಲಿಗೆ ಓಡಿ, ಎಡಗೈಯಲ್ಲಿ ಬಾವುಟ ಎತ್ತಿ ನಿಂತುಬಿಡುತ್ತಿದ್ದರು!

"ಅಲ್ಲಾರೀ, ಅಷ್ಟು ಮೇಲೆ ಹೋಗೋರಿಗೆ ನಿಮ್ಮ ಬಾವುಟ ಕಾಣುತ್ತಾ?" ಎಂದು ಅತ್ತೆ ಕೇಳಿದರು.

"ಅವ್ರು ನೋಡ್ಬೇಕು ಅಂತ ರೂಲ್ ಇಲ್ಲ ಕಣೇ. ನಾವು ತೋರಿಸ್ಬೇಕು ಅಂತಷ್ಟೇ ರೂಲು."

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಅತ್ತೆ ಅಂದೇ ಕೈಚೆಲ್ಲಿದರು. ನನಗೆ ಕೈಚೆಲ್ಲಲು ಇನ್ನೂ ಒಂದು ವರ್ಷ ಬೇಕಾಯಿತು. ಅದು ಆದದ್ದು ಹಳೇಬೀಡಿನಲ್ಲಿ.

ಅತ್ತೆಯ ತಂಗಿಗೆ ಹೊಸದಾಗಿ ಬೀಗರಾದವರು ಬಂದಿದ್ದರು. ಬೇಲೂರು, ಹಳೇಬೀಡು ತೋರಿಸುವ ಜವಾಬ್ದಾರಿ ಮಾವನ ತಲೆಗೆ ಬಿತ್ತು. ಬೇಲೂರಿನಲ್ಲಿ ಮೋಡವಿತ್ತು, ಹಾಗಾಗಿ ಮರ್ಯಾದೆ ಉಳಿಯಿತು. ಹಳೇಬೀಡಿಗೆ ಬರುವಷ್ಟರಲ್ಲಿ ಬಿಸಿಲು ಬಿದ್ದು ಆಕಾಶ ತಿಳಿಯಾಯಿತು. ಗೋಡೆಯ ಆನೆಸಾಲನ್ನು ಬೀಗರು ನೋಡುತ್ತಿರುವಾಗ ಮಾವ, "ಅಲ್ಲಿ ನೋಡಿ, ಅಲ್ಲಿ! ಇಂಥದ್ದು ದಿನಾ ಸಿಗಲ್ಲ!" ಎಂದು ಮೇಲೆ ಕೈ ತೋರಿಸಿದರು. ಪಾಪ, ಬೀಗರು ಚಾವಣಿಯ ಅಂಚಿನಲ್ಲಿ ಯಾವುದೋ ಅಪರೂಪದ ಶಿಲ್ಪವಿದೆ ಎಂದುಕೊಂಡು ಕತ್ತೆತ್ತಿ ಹುಡುಕಿದರು, ಹುಡುಕಿದರು. ಹಿಂದೆ ನಿಂತಿದ್ದ ಪ್ರವಾಸಿಗಳೂ ಹುಡುಕಿದರು. ಕೊನೆಗೆ ಹಿರಿಯ ಬೀಗರು ಕುತ್ತಿಗೆ ಹಿಡಿದುಕೊಂಡು, "ಯಾವ ದೇವರು ಸ್ವಾಮಿ ಅದು?" ಎಂದರು. "ದೇವರಲ್ಲ, ನಾಲ್ಕು ಎಂಜಿನ್!" ಎಂದರು ಮಾವ. ಬೀಗರು ವಾಪಸು ಹೋಗುವಾಗ ಕುತ್ತಿಗೆಗೆ ಎಣ್ಣೆ ಹಚ್ಚಿಸಿಕೊಂಡೇ ಬಸ್ಸು ಹತ್ತಿದ್ದು.

ಇಂಥವರಿಗೆ ವಿಮಾನ ಅಪಹರಣದ ಸುದ್ದಿ ಸಿಕ್ಕರೆ ಹೇಗಿರುತ್ತದೆ? ತೊಂಬತ್ತರ ಆ ದಶಕದಲ್ಲಿ ಆಗಾಗ ಸಿಗುತ್ತಲೂ ಇತ್ತು. ವಾರ್ತೆಯಲ್ಲಿ ಆ ಮಾತು ಬಂದೊಡನೆ ಅತ್ತೆ, "ಅಯ್ಯೋ, ಒಳಗೆ ಎಷ್ಟು ಜನ?" ಎಂದರೆ, ಮಾವ "ಎಷ್ಟು ಎಂಜಿನ್?" ಎನ್ನುತ್ತಿದ್ದರು. ಆಮೇಲೆ ಸೀಮೆಸುಣ್ಣ ಹಿಡಿದು ಜಗುಲಿಯ ಮೇಲೆ ವಿಮಾನ ಬರೆಯುತ್ತಿದ್ದರು. ಇಲ್ಲಿ ಪೈಲಟ್, ಇಲ್ಲಿ ಕಕ್ಕಸು, ಇಲ್ಲಿ ಅಪಹರಣಕಾರ! ಇಂಧನ ಇನ್ನು ಎಷ್ಟು ಹೊತ್ತಿಗೆ ಮುಗಿಯುತ್ತದೆ, ಯಾವ ರನ್‌ವೇ ಉದ್ದ ಸಾಲದು, ಎಲ್ಲ ಅವರ ಬಾಯಲ್ಲೇ. ಕೊಬ್ಬರಿ ಮಂಡಿಯ ಹಮಾಲರಿಂದ ಹಿಡಿದು ಪಕ್ಕದ ಮನೆಯ ಗಾರ್ಡಿನವರೆಗೆ ಜನ ಸೇರಿ ಕೇಳುತ್ತಿದ್ದರು. ಮಾವನ ಮುಖದಲ್ಲಿ ಹಬ್ಬದ ಕಳೆ! ಅತ್ತೆಗೆ ಮೈಯೆಲ್ಲ ಉರಿಯುತ್ತಿತ್ತು. "ಅಲ್ಲಿ ಜನ ಜೀವ ಕೈಲಿ ಹಿಡ್ಕೊಂಡು ಕೂತಿದಾರೆ ಕಣ್ರೀ. ಉರಿಯೋ ಮನೇಲಿ ಗಳ ಹಿರಿದ ಹಾಗೆ ಆಡ್ತೀರಲ್ಲ!" ಎಂದರೆ, "ನಾನೇನು ಹೈಜಾಕ್ ಮಾಡಿದ್ನಾ?" ಎಂಬ ಉತ್ತರ. ಅಂಥ ಮನುಷ್ಯನೊಂದಿಗೆ ವಾದ ಮಾಡಿ ಏನು ಪ್ರಯೋಜನ, ಹೇಳಿ?

ಈಗ ಗಂಗಮ್ಮನ ವಿಷಯ ಹೇಳಬೇಕು. ಗಂಗಮ್ಮ ಜಾವಗಲ್ ಕಡೆಯವಳು, ಗಂಡ ಸತ್ತ ಮೇಲೆ ಅರಸೀಕೆರೆಗೆ ಬಂದು ಎರಡು ಎಮ್ಮೆ ಕಟ್ಟಿ ಕ್ವಾರ್ಟರ್ಸಿನ ಮನೆಗಳಿಗೆಲ್ಲ ಹಾಲು ಹಾಕುತ್ತಿದ್ದಳು. ಒಬ್ಬನೇ ಮಗ ರಂಗ, ಕಠ್ಮಂಡುವಿನ ಯಾವುದೋ ಹೋಟೆಲಿನಲ್ಲಿ ಅಡುಗೆಯವನು. ಗಂಗಮ್ಮನಿಗೆ ಓದು ಬರಹ ಬಾರದು. ಮಗನಿಗೆ ಕಾಗದ ಬರೆದುಕೊಡುತ್ತಿದ್ದವರು ನಮ್ಮ ಮಾವ. ಅವನಿಂದ ಬಂದ ಕಾಗದ ಓದಿ ಹೇಳುತ್ತಿದ್ದವಳು ನಾನು.

ಬೇರೆಯವರ ಕಾಗದ ಬರೆಯುವವರಿಗೆ ನಮ್ಮ ಕಡೆ ಒಂದು ಚಾಳಿಯಿದೆ. ಕೊನೆಯಲ್ಲಿ ಜಾಗ ಉಳಿದರೆ ತಮ್ಮದೂ ಒಂದು ಸಾಲು ಸೇರಿಸುವುದು. 'ಬರೆದುಕೊಟ್ಟವರ ಆಶೀರ್ವಾದಗಳು' ಎಂಬಷ್ಟಾದರೆ ಯಾರಿಗೂ ತೊಂದರೆಯಿಲ್ಲ. ನಮ್ಮ ಮಾವ ಅಷ್ಟಕ್ಕೆ ನಿಲ್ಲುವವರೇ? ಆ ಸಲ ರಂಗ ವರ್ಷದ ಕೊನೆಗೆ ಊರಿಗೆ ಬರುವವನಿದ್ದ. 'ಎಮ್ಮೆ ಕರು ಹಾಕಿದೆ, ಬೇಗ ಬಾ' ಎಂದಷ್ಟೇ ಗಂಗಮ್ಮ ಬರೆಸಿದ್ದು. ಮಾವ ಅದರ ಕೆಳಗೆ, ಗಂಗಮ್ಮನ ಹೆಸರಿನಲ್ಲೇ, 'ಮಗನೇ, ಡೆಲ್ಲಿವರೆಗೆ ವಿಮಾನದಲ್ಲೇ ಬಾ, ಇದು ನಿನ್ನ ತಾಯಿಯ ಆಸೆ. ರೆಕ್ಕೆಯ ಹಿಂದಿನ ಕಿಟಕಿ ಸೀಟು ಕೇಳು. ಇಳಿಯುವಾಗ ರೆಕ್ಕೆಯ ಹಿಂಬದಿ ಅಂಚಿನ ಹಲಗೆಗಳು ಹೇಗೆ ಬಾಗುತ್ತವೆ ಎಂದು ಸರಿಯಾಗಿ ನೋಡಿಕೊಂಡು ಬಾ' ಎಂದು ಜಡಿದಿದ್ದರು!

ಇದು ನನಗೆ ತಿಳಿದದ್ದು ರಂಗನ ಉತ್ತರ ಓದುವಾಗ. 'ಅವ್ವಾ, ನಿನ್ನ ಆಸೆಯಂತೆ ವಿಮಾನದಲ್ಲೇ ಬತ್ತೀನಿ, ಕಿಟಕಿ ಸೀಟು ಕೇಳ್ತೀನಿ' ಎಂದು ಬರೆದಿದ್ದ. ಓದಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಗಂಗಮ್ಮ, "ನನ್ನಾಸೆಯಾ?" ಎಂದು ಒಂದು ಗಳಿಗೆ ನನ್ನ ಮುಖ ನೋಡಿದಳು. ನಾನು ಎಮ್ಮೆಕರುವಿನ ಸುದ್ದಿ ತೆಗೆದೆ. ಅವಳು ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ತೊಂಬತ್ತೊಂಬತ್ತರ ಡಿಸೆಂಬರ್. ಸಂಜೆಯ ವಾರ್ತೆಯಲ್ಲಿ ವಿಮಾನ ಅಪಹರಣವಾಗಿದೆ ಎಂಬ ಸುದ್ದಿ ಬಂತು. ಮಾವ ಅಭ್ಯಾಸದಂತೆ ಸೀಮೆಸುಣ್ಣ ಹಿಡಿದು ಜಗುಲಿಗೆ ಹೊರಟರು. ಮೂಗು ಬರೆದರು, ಒಂದು ರೆಕ್ಕೆ ಬರೆದರು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಕೂಗಿ ಹೇಳಿದರು: "ಕಠ್ಮಂಡುವಿನಿಂದ ಡೆಲ್ಲಿಗೆ ಬರ್ತಿತ್ತಂತೆ ಕಣ್ರೀ!"

ಎರಡನೆಯ ರೆಕ್ಕೆಯನ್ನು ಮಾವ ಬರೆಯಲಿಲ್ಲ.

ಆ ವಿಮಾನ ಅಮೃತಸರದಲ್ಲಿ ಇಳಿದು, ಸ್ವಲ್ಪ ಹೊತ್ತು ನಿಂತು, ಮತ್ತೆ ಹಾರಿಹೋಯಿತೆಂದು ಗೊತ್ತಾದಾಗ ಅವರು ಟಿವಿಗೇ ಕೈ ಎತ್ತಿದರು. "ನೆಲದ ಮೇಲೆ ನಿಂತಿತ್ತಲ್ಲೋ! ಚಕ್ರದ ಮುಂದೆ ಒಂದು ಮರದ ದಿಮ್ಮಿ ಇಡೋರು ಇರ್ಲಿಲ್ವೇನ್ರೋ? ನಮ್ಮ ಸ್ಟೇಷನ್ನಲ್ಲಿ ನಾನು ಕೆಂಪು ತೋರಿಸಿದ್ರೆ ಯಾವನು ಬಿಡ್ತಿದ್ದ?" ಬೇರೆ ಯಾವಾಗಲಾದರೂ ಆಗಿದ್ದರೆ ನಾವು ನಕ್ಕುಬಿಡುತ್ತಿದ್ದೆವು. ಮಾವ ಅಳುತ್ತಿದ್ದರು. ಆಮೇಲೆ ಲಾಹೋರು, ದುಬೈ, ಕೊನೆಗೆ ಕಂದಹಾರ್. ನಮ್ಮ ಬಾಯಿಗೆ ತಿರುಗದ ಊರುಗಳ ಹೆಸರು ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದು ಏನು ಸುಖ?

ರಂಗ ಅದರಲ್ಲಿದ್ದಾನೋ ಇಲ್ಲವೋ, ಯಾರನ್ನು ಕೇಳುವುದು? ಅವನ ಹೋಟೆಲಿನ ಫೋನ್ ನಂಬರು ನಮ್ಮಲ್ಲಿರಲಿಲ್ಲ. ತಂತಿ ಕೊಟ್ಟರು, ಉತ್ತರವಿಲ್ಲ. ಬೆಂಗಳೂರಿನ ವಿಮಾನ ಕಂಪನಿಯ ಆಫೀಸಿಗೆ ಫೋನ್ ಹಚ್ಚಿದರೆ ಯಾವಾಗಲೂ ಎಂಗೇಜ್. ಮಾವ ಡ್ಯೂಟಿಗೆ ರಜೆ ಹಾಕಿ ಟಿವಿಯ ಮುಂದೆ ಕೂತರು. "ನಾನೇ ಕೂರಿಸಿದೆ ಕಣೇ ಅವನನ್ನ. ಕಿಟಕಿ ಪಕ್ಕ ನಾನೇ ಕೂರಿಸಿದೆ" ಎಂದು ನನ್ನ ಹತ್ತಿರ ಒಂದು ಸಲ ಹೇಳಿದರು. ತಟ್ಟೆ ಮುಂದಿಟ್ಟರೆ ಎರಡು ತುತ್ತು ಕಲಸಿ ಏಳುತ್ತಿದ್ದರು. ಹಿತ್ತಿಲ ಬಾಗಿಲಿಗೆ ಹೋಗಿ ಹಳಿಯ ಕಡೆ ನೋಡುತ್ತಾ ನಿಲ್ಲುತ್ತಿದ್ದರು. ತಲೆಯ ಮೇಲೆ ವಿಮಾನ ಹೋದರೂ ಕತ್ತೆತ್ತುತ್ತಿರಲಿಲ್ಲ.

ಒಬ್ಬ ಪ್ರಯಾಣಿಕನನ್ನು ಕೊಂದರೆಂದು ವಾರ್ತೆಯಲ್ಲಿ ಹೇಳಿದಾಗ ನಾವು ಮೂವರೂ ಮೊದಲು ಹೆಸರಿಗೆ ಕಿವಿಗೊಟ್ಟೆವು. ರಂಗನಲ್ಲ ಎಂದು ತಿಳಿದು ಉಸಿರು ಬಿಟ್ಟೆವು. ಮರುಕ್ಷಣವೇ ನನಗೆ ನನ್ನ ಮೇಲೆ ಅಸಹ್ಯವಾಯಿತು. ಅವನಿಗೂ ಒಬ್ಬ ತಾಯಿ ಇರಲಿಲ್ಲವೇ?

ಮಾವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಎಂದರೆ ಗಂಗಮ್ಮ. ಎರಡನೆಯ ದಿನದಿಂದ ಅವಳು ಬೆಳಿಗ್ಗೆ ಹಾಲು ಹಾಕಿ ಮುಗಿಸಿದವಳೇ ನೇರ ನಮ್ಮ ಮನೆಗೆ ಬಂದು, ಮಾವನ ಎದುರಿಗೆ ಗೋಡೆಗೊರಗಿ ಕೂರತೊಡಗಿದಳು. ಸಂಜೆ ಎಮ್ಮೆ ಕರೆಯುವ ಹೊತ್ತಿಗೆ ಹೋಗಿ, ಕರೆದು, ಮತ್ತೆ ಬರುತ್ತಿದ್ದಳು. ಅಳುವುದಿಲ್ಲ, ಬೈಯುವುದಿಲ್ಲ. ಒಂದೊಂದು ಸಲ, "ಅದ್ರೊಳ್ಗೆ ನೀರು ಐತಾ ಸ್ವಾಮಿ?" ಎನ್ನುವಳು. "ಇದೆ ಗಂಗಮ್ಮ." "ಚಳಿ ಆಯ್ತದಾ?" "ಕಂಬಳಿ ಕೊಟ್ಟಿರ್ತಾರೆ." ಎಂದೂ ಬತ್ತದ ಮಾವನ ಜ್ಞಾನ ಆಗ ಎರಡು ಮಾತಿಗೆ ಮುಗಿಯುತ್ತಿತ್ತು. ಅವಳ ಮುಖ ನೋಡಲಾರದೆ ಅವರು ಟಿವಿ ನೋಡುತ್ತಿದ್ದರು. ಅವಳು ಮಾತ್ರ ಅವರನ್ನೇ ನೋಡುತ್ತಿದ್ದಳು.

ಆರನೆಯ ದಿನ ಪೋಸ್ಟ್‌ಮ್ಯಾನ್ ಒಂದು ಕಾಗದ ತಂದ. ನೇಪಾಳದ ಸ್ಟಾಂಪು, ಅಪಹರಣಕ್ಕೆ ಮೊದಲೇ ಹಾಕಿದ್ದು. ಅಲ್ಲೇ ಒಡೆದು ಓದಿದೆ. 'ಅವ್ವಾ, ವರ್ಷದ ಕೊನೆಗೆ ಗಿರಾಕಿ ಜಾಸ್ತಿ ಅಂತ ಮಾಲೀಕರು ರಜಾ ಕೊಡಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಬಸ್ಸಲ್ಲೇ ಬತ್ತೀನಿ. ವಿಮಾನಕ್ಕೆ ಭಾರಿ ರೇಟು. ಈ ವಯಸ್ಸಲ್ಲಿ ನಿಂಗ್ಯಾಕವ್ವಾ ರೆಕ್ಕೆ ಪಕ್ಕೆ ಹುಚ್ಚು?'

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಮಾವ ಎದ್ದು ಬಂದು ಗಂಗಮ್ಮನ ಮುಂದೆ ನೆಲದ ಮೇಲೆ ಕೂತುಬಿಟ್ಟರು. "ಗಂಗಮ್ಮಾ, ಆ ವಿಮಾನದ ಮಾತು ನೀನು ಹೇಳಿದ್ದಲ್ಲ. ನಾನೇ ಸೇರಿಸಿ ಬರೆದಿದ್ದು. ನಿನ್ನ ಮಗನಿಗೆ ಏನಾದ್ರೂ ಆಗಿದ್ದಿದ್ರೆ..."

"ಗೊತ್ತಿತ್ತು ಬುಡಿ ಸ್ವಾಮಿ. ನಾನು ಹೇಳ್ದೆ ಇರೋ ಮಾತ್ನ ಇನ್ಯಾರು ಬರ್ದಾರು?"

"ಗೊತ್ತಿದ್ದೂ ದಿನಾ ಬಂದು ನನ್ನೆದುರಿಗೇ ಕೂತ್ಯಲ್ಲ ತಾಯಿ! ಒಂದು ಸಲ ಬೈದುಬಿಡೋದಲ್ವಾ?"

"ಬೈಯೋಕೆ ಬರ್ನಿಲ್ಲ ಸ್ವಾಮಿ. ಟಿವಿ ನೋಡೋಕೂ ಬರ್ನಿಲ್ಲ, ಅದು ಹೇಳೋದು ನಂಗೇನು ತಿಳಿದಾತು? ನೀವು ಅನ್ನ ಬುಟ್ಟು, ಹಿತ್ಲಾಗೆ ನಿಂತ್ಕಂಡು ಹಳಿ ನೋಡ್ತಿದ್ರಿ. ಅಮ್ಮಾರು ಒಬ್ರೇ, ಈ ಮಗೀಗೆ ಕಾಲೇಜು. ನಿಮ್ಮನ್ನ ಕಾಯೋಕೆ ಒಬ್ರು ಬೇಕಲ್ಲ ಅಂತ ಬಂದು ಕೂತ್ಕಂಡೆ."

ಟಿವಿಯಲ್ಲಿ ಕಂದಹಾರಿನ ಆ ವಿಮಾನ ಹಾಗೇ ನಿಂತಿತ್ತು. ಗಂಗಮ್ಮ ಅದರ ಕಡೆಗೆ ಒಮ್ಮೆ ನೋಡಿ, "ಮಿಕ್ಕೋರು ಇನ್ನೂ ಅಲ್ಲೇ ಅವ್ರೆ, ಪಾಪ" ಎಂದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿದಳು.

"ಅಮ್ಮಾರೇ, ಒಂದು ತಟ್ಟೆ ಹಾಕಿ. ಇವತ್ತು ಇವ್ರು ಉಣ್ಣೋದ್ನ ನೋಡ್ಕಂಡೇ ಹೋಯ್ತೀನಿ."